ವಿಂಡೋಸ್, ಮ್ಯಾಕ್, ಲಿನಕ್ಸ್ ನಡುವೆ ಫೈಲು ಹಂಚಿಕೆ: ಎಲ್ಲ ದಾರಿ ನೋಡಿ ಸಾಂಬಾಕ್ಕೆ ನಿಂತದ್ದು

ಬೇರೆ ಬೇರೆ ಕಾರ್ಯಾಚರಣೆ ವ್ಯವಸ್ಥೆಗಳ ಕಂಪ್ಯೂಟರುಗಳು ಒಂದೇ ಕಚೇರಿಯಲ್ಲಿದ್ದರೆ, ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಅದರಲ್ಲಿ ಸಾಂಬಾ (ವಿಂಡೋಸ್‌ನ ಫೈಲು ಹಂಚಿಕೆ ವಿಧಾನವಾದ ಎಸ್‌ಎಂಬಿಯನ್ನು ಲಿನಕ್ಸ್‌ನಲ್ಲಿ ಒದಗಿಸುವ ತಂತ್ರಾಂಶ) ನಡೆಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಉಳಿದ ದಾರಿಗಳ ಬಗ್ಗೆ ಬರೆಯುವಾಗಲೂ ಈ ಒಲವು ಇದ್ದೇ ಇರುತ್ತದೆ. ನಮ್ಮದು ಆಮಂತ್ರಣ ಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳ ಪುಟವಿನ್ಯಾಸ ಮಾಡಿಕೊಡುವ ಚಿಕ್ಕ ಡಿಟಿಪಿ ಕೇಂದ್ರ. ಅಕ್ಷರ ಜೋಡಣೆಯ ಯಂತ್ರಗಳು ವಿಂಡೋಸ್‌ನವು, ವಿನ್ಯಾಸಕ್ಕೆ ಮ್ಯಾಕ್ ಇದೆ, ನಾನು ಬಳಸುವುದು ಲಿನಕ್ಸ್ ಲ್ಯಾಪ್‌ಟಾಪ್. ಬೆಳಿಗ್ಗೆ ಒಬ್ಬರು ತಿದ್ದಿದ ಕರಡನ್ನೇ ಮಧ್ಯಾಹ್ನ ಇನ್ನೊಬ್ಬರು ತೆರೆಯುವಂತಿರಬೇಕು ಎಂಬುದೊಂದೇ ನಮ್ಮ ಬೇಡಿಕೆ. ಪೆನ್‌ಡ್ರೈವಿನಿಂದ ಅದು ಆಗದು. ‘ಅಂತಿಮ’, ‘ಅಂತಿಮ 2’, ‘ಇದೇ ಅಂತಿಮ’ ಎಂಬ ಮೂರು ಫೈಲುಗಳಲ್ಲಿ ಮುದ್ರಣಕ್ಕೆ ಹೋಗಬೇಕಾದದ್ದು ಯಾವುದೆಂದು ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ.

ಇದಕ್ಕಾಗಿ ಮೊದಲು ಕೊಂಡದ್ದು ಯುಎಸ್‌ಬಿ ಕಿಂಡಿಯಿರುವ ಒಂದು ರೌಟರ್. ಹಾರ್ಡ್ ಡಿಸ್ಕನ್ನು ಅದಕ್ಕೆ ಸಿಕ್ಕಿಸಿದರೆ ಎಲ್ಲ ಕಂಪ್ಯೂಟರುಗಳಿಗೂ ಫೈಲುಗಳು ಸಿಗುತ್ತವೆ ಎಂದು ಡಬ್ಬಿಯ ಮೇಲೆ ಮುದ್ರಿಸಿತ್ತು. ಆದರೆ ವಿಂಡೋಸ್ ಅದನ್ನು ತೆರೆಯಲು ಒಪ್ಪಲಿಲ್ಲ. ಈ ಹಂಚಿಕೆಗೆ ಬಳಕೆ ತಪ್ಪಿದ ಎಸ್‌ಎಂಬಿ 1 ಬೇಕು, ಅದು ಸುರಕ್ಷಿತವಲ್ಲ ಎಂಬ ಸಂದೇಶ ತೋರಿಸಿತು. ಲಿನಕ್ಸ್‌ನಲ್ಲಿ ಆವೃತ್ತಿ 1.0 ಎಂದು ಬಿಡಿಸಿ ಹೇಳಿದ ಮೇಲಷ್ಟೇ ತೆರೆದುಕೊಂಡಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಈ ಎಸ್‌ಎಂಬಿ 1ರ ದೋಷವನ್ನು ಬಳಸಿಕೊಂಡೇ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮುಂದಕ್ಕೆ ಹೊಸ ಯಂತ್ರಗಳಲ್ಲಿ ಅದು ತಾನಾಗಿ ಇರುವುದಿಲ್ಲ. ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಗುರುತು ಹಾಕಿ ಅದನ್ನು ಮರಳಿ ತರಬಹುದು, ನಿಜ. ಆದರೆ ಗ್ರಾಹಕರ ಪೆನ್‌ಡ್ರೈವುಗಳು ದಿನವೂ ಬಂದು ಹೋಗುವ ಕಚೇರಿಯಲ್ಲಿ, ಒಂದು ರೌಟರಿನ ಸಲುವಾಗಿ ಎಲ್ಲ ಯಂತ್ರಗಳ ಬಾಗಿಲು ತೆರೆದಿಡಲು ನಾನು ಸಿದ್ಧನಿರಲಿಲ್ಲ. ಈಗ ಅದು ಇಂಟರ್ನೆಟ್ ಕೊಡುವ ಕೆಲಸವನ್ನಷ್ಟೇ ಮಾಡುತ್ತಿದೆ.

ಎರಡನೆಯದು ನೆಟ್‌ವರ್ಕ್ ಮೂಲಕ ಫೈಲು ಹಂಚುವ ಇನ್ನೊಂದು ವಿಧಾನವಾದ ಎನ್‌ಎಫ್‌ಎಸ್. ಎರಡು ಲಿನಕ್ಸ್ ಯಂತ್ರಗಳ ನಡುವೆ ಇದರಷ್ಟು ಸರಳವಾದದ್ದು ನನಗೆ ಸಿಕ್ಕಿಲ್ಲ. ಆದರೆ ಅದರ ಸಾಮಾನ್ಯ ವಿಧಾನದಲ್ಲಿ ಬಳಕೆದಾರನ ಗುರುತೆಂದರೆ ಒಂದು ಸಂಖ್ಯೆ ಮಾತ್ರ. ಉಬುಂಟು, ಡೆಬಿಯನ್‌ಗಳಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000, ಮ್ಯಾಕ್‌ನಲ್ಲಿ 501. ಹೀಗಾಗಿ ಮ್ಯಾಕ್‌ನಿಂದ ಉಳಿಸಿದ ಫೈಲನ್ನು ನನ್ನ ಲ್ಯಾಪ್‌ಟಾಪಿನಿಂದ ಓದಬಹುದಿತ್ತು, ತಿದ್ದಲಾಗುತ್ತಿರಲಿಲ್ಲ. ಎಲ್ಲರನ್ನೂ ಒಂದೇ ಸಂಖ್ಯೆಗೆ ಇಳಿಸುವ ಸೌಲಭ್ಯದಿಂದ ಅದು ಸರಿಹೋಯಿತು. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಎನ್‌ಎಫ್‌ಎಸ್ ಜೋಡಿಸುವ ತಂತ್ರಾಂಶವೇ ಇಲ್ಲವಾದ್ದರಿಂದ, ಮ್ಯಾಕ್ ಎನ್‌ಎಫ್‌ಎಸ್ ಮೂಲಕವೂ ವಿಂಡೋಸ್ ಯಂತ್ರಗಳು ಸಾಂಬಾ ಮೂಲಕವೂ ಅದೇ ಫೋಲ್ಡರಿಗೆ ಬರುವ ಏರ್ಪಾಡು ಮಾಡಬೇಕಾಯಿತು. ನಿಜವಾದ ತಲೆನೋವು ಶುರುವಾದದ್ದು ಅಲ್ಲಿಂದ.

ಒಂದು ದಿನ ‘ಗೃಹಪ್ರವೇಶ’ ಎಂಬ ಹೆಸರಿನ ಎರಡು ಫೋಲ್ಡರುಗಳು ಒಂದರ ಕೆಳಗೊಂದು ಕಾಣಿಸಿಕೊಂಡವು. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ, ಕೊನೆಯಲ್ಲಿ ಖಾಲಿ ಜಾಗವೂ ಇಲ್ಲ. ಒಂದರಲ್ಲಿ ಅಕ್ಷರ ಜೋಡಣೆಯ ಫೈಲುಗಳು, ಇನ್ನೊಂದರಲ್ಲಿ ಮ್ಯಾಕ್‌ನಿಂದ ಬಂದ ಚಿತ್ರಗಳು. ಹುಡುಕಾಟದಲ್ಲಿ ‘ಗೃಹಪ್ರವೇಶ’ ಎಂದು ಟೈಪಿಸಿದರೆ ಮೊದಲನೆಯದು ಮಾತ್ರ ಸಿಗುತ್ತಿತ್ತು. ವಿಚಿತ್ರವೆಂದರೆ, ‘ಲಗ್ನಪತ್ರಿಕೆ’ ಫೋಲ್ಡರಿಗೆ ಈ ಕಾಟ ಒಮ್ಮೆಯೂ ಬರಲಿಲ್ಲ. ‘ಜಾತ್ರೋತ್ಸವ’ಕ್ಕೆ ಬಂತು, ‘ಕರಪತ್ರ’ಕ್ಕೆ ಬರಲಿಲ್ಲ. ಅನುಮತಿ, ಫೈರ್‌ವಾಲ್, ಡಿಸ್ಕ್ ಎಲ್ಲವನ್ನೂ ಪರೀಕ್ಷಿಸಿ ಸೋತ ಮೇಲೆ, ಹೆಸರುಗಳ ಬೈಟುಗಳನ್ನೇ ಎಣಿಸಿ ನೋಡಿದಾಗ ಒಂದು ‘ಗೃಹಪ್ರವೇಶ’ 27 ಬೈಟು, ಇನ್ನೊಂದು 30 ಬೈಟು ಇರುವುದು ಕಂಡಿತು.

ಕಾರಣ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿದೆ. ಕನ್ನಡದ ೀ, ೇ, ೈ, ೊ, ೋ ಎಂಬ ಐದು ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ‘ವೇ’ಯಲ್ಲಿರುವ ೇ ಚಿಹ್ನೆಯನ್ನು ವಿಂಡೋಸ್‌ನ ಕೀಲಿಮಣೆ ಒಂದೇ ಸಂಕೇತವಾಗಿ ಕೊಟ್ಟರೆ, ಮ್ಯಾಕ್ ಅದನ್ನು ಎತ್ವ ಮತ್ತು ದೀರ್ಘ ಎಂದು ಎರಡಾಗಿ ಬಿಡಿಸಿ ಎನ್‌ಎಫ್‌ಎಸ್ ಮೂಲಕ ಕಳುಹಿಸಿತ್ತು. ಲಿನಕ್ಸ್‌ನ ಫೈಲು ವ್ಯವಸ್ಥೆ ಬೈಟುಗಳನ್ನಷ್ಟೇ ಹೋಲಿಸುವುದರಿಂದ ಅದಕ್ಕೆ ಇವೆರಡೂ ಬೇರೆ ಬೇರೆ ಹೆಸರುಗಳು. ‘ಲಗ್ನಪತ್ರಿಕೆ’ಯಲ್ಲಿ ಬಿಡಿಸಬಲ್ಲ ಚಿಹ್ನೆಯೇ ಇಲ್ಲದ್ದರಿಂದ ಅದು ಪಾರಾಯಿತು. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ. ಸಾಮಾನ್ಯ ಮಾರ್ಗದರ್ಶಿಗಳಲ್ಲಿ ಇದರ ಪ್ರಸ್ತಾಪ ಕಾಣದಿರುವುದಕ್ಕೆ ಬಹುಶಃ ಅದೇ ಕಾರಣ.

ಪರಿಹಾರವೂ ಇದೆ. ಮ್ಯಾಕ್‌ನಲ್ಲಿ ಎನ್‌ಎಫ್‌ಎಸ್ ಜೋಡಿಸುವಾಗ ‘ಎನ್‌ಎಫ್‌ಸಿ’ ಎಂಬ ಆಯ್ಕೆ ಸೇರಿಸಿದರೆ ಹೆಸರುಗಳು ಕೂಡಿಸಿದ ರೂಪದಲ್ಲೇ ಹೋಗುತ್ತವೆ. ಆಗಲೇ ಕೆಟ್ಟಿರುವ ಹೆಸರುಗಳನ್ನು ಲಿನಕ್ಸ್‌ನ ‘ಕಾನ್ವ್‌ಎಂವಿ’ ಎಂಬ ಉಪಕರಣ ಸರಿಪಡಿಸುತ್ತದೆ, ಅದೂ ಮೊದಲು ಏನು ಬದಲಾಗಲಿದೆ ಎಂಬುದನ್ನು ತೋರಿಸಿ, ಒಪ್ಪಿಗೆ ಕೊಟ್ಟ ಮೇಲೆ. ನಾನು ಹೆಸರುಗಳನ್ನು ಹಾಗೆ ಸರಿಪಡಿಸಿ, ಬಳಿಕ ಎನ್‌ಎಫ್‌ಎಸ್ ಅನ್ನೇ ತೆಗೆದು, ಮ್ಯಾಕನ್ನೂ ಸಾಂಬಾಕ್ಕೆ ಸೇರಿಸಿದೆ. 2013ರ ಮ್ಯಾವರಿಕ್ಸ್‌ನಿಂದ ಮ್ಯಾಕ್ ತಾನೇ ಎಸ್‌ಎಂಬಿಯನ್ನು ಮುಖ್ಯ ವಿಧಾನವಾಗಿ ಒಪ್ಪಿಕೊಂಡಿರುವಾಗ ಒಂದೇ ಫೋಲ್ಡರಿಗೆ ಎರಡು ಬಾಗಿಲು ಇಡುವುದರಲ್ಲಿ ಅರ್ಥವಿಲ್ಲ. ಹೆಸರುಗಳು ಜೋಡಿಯಾಗುವುದು ಅಲ್ಲಿಗೆ ನಿಂತಿತು.

ಹೆಸರಿನ ಉದ್ದದ ಬಗ್ಗೆಯೂ ಒಂದು ಮಾತು: ಲಿನಕ್ಸ್‌ನ ಎಕ್ಸ್ಟ್4 ಎಂಬ ಫೈಲು ವ್ಯವಸ್ಥೆಯಲ್ಲಿ ಫೈಲಿನ ಹೆಸರಿಗೆ 255 ಬೈಟುಗಳ ಮಿತಿಯಿದ್ದು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕಾದ್ದರಿಂದ, ಒತ್ತಕ್ಷರ ಕಾಗುಣಿತಗಳೆಲ್ಲ ಸೇರಿ 85 ಸಂಕೇತಗಳಷ್ಟೇ ಹಿಡಿಯುತ್ತವೆ. ವಿಂಡೋಸ್‌ನಲ್ಲಿ ಸಲೀಸಾಗಿ ಉಳಿಯುವ ವಧೂವರರ ಹೆಸರು, ಊರು, ಕಲ್ಯಾಣಮಂಟಪವೆಲ್ಲ ಸೇರಿದ ಉದ್ದನೆಯ ಹೆಸರು ಸಾಂಬಾ ನಡೆಯುವ ಸರ್ವರಿಗೆ ನಕಲಾಗದಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಸಿಂಕ್‌ಥಿಂಗ್ ಯಂತ್ರಗಳ ನಡುವೆ ಫೈಲುಗಳನ್ನು ಸರಿಸಮವಾಗಿಡುವ ಒಳ್ಳೆಯ ತಂತ್ರಾಂಶ. ಸರ್ವರ್ ಬೇಡ, ವಿದ್ಯುತ್ ಹೋಗಿ ಬಂದರೂ ಚಿಂತೆಯಿಲ್ಲ, ಪ್ರತಿ ಯಂತ್ರದಲ್ಲೂ ಪೂರ್ಣ ಪ್ರತಿ ಇರುತ್ತದೆ. ನಮಗೆ ಅಡ್ಡಿಯಾದದ್ದು ಆ ಕೊನೆಯ ಗುಣವೇ: ಇಬ್ಬರು ಒಂದೇ ಕರಡನ್ನು ಒಂದೇ ಹೊತ್ತಿಗೆ ತಿದ್ದಿದರೆ ಎರಡರಲ್ಲೊಂದು ‘ಸಿಂಕ್ ಕಾನ್‌ಫ್ಲಿಕ್ಟ್’ ಎಂಬ ಹೆಸರು ಹೊತ್ತು ಪಕ್ಕದಲ್ಲಿ ನಿಲ್ಲುತ್ತದೆ, ಪೆನ್‌ಡ್ರೈವ್ ಕಾಲದ ‘ಇದೇ ಅಂತಿಮ’ ಬೇರೆ ವೇಷದಲ್ಲಿ ಮರಳುತ್ತದೆ.

ಎಸ್‌ಎಫ್‌ಟಿಪಿ (ಸುರಕ್ಷಿತವಾಗಿ ಫೈಲು ಏರಿಸಿ ಇಳಿಸುವ ವಿಧಾನ) ನನಗೆ ಸಾಕು. ಉಳಿದವರಿಗೆ ಇಳಿಸಿಕೊಂಡು ತಿದ್ದಿ ಮತ್ತೆ ಏರಿಸುವ ತಾಳ್ಮೆಯಿಲ್ಲ.

ಸಾಂಬಾದಲ್ಲಿ ತೊಡಕುಗಳಿಲ್ಲವೆಂದಲ್ಲ. ಲಿನಕ್ಸ್ ಬಳಕೆದಾರನ ಪಾಸ್‌ವರ್ಡ್ ಬೇರೆ, ಸಾಂಬಾದ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಪ್ರತ್ಯೇಕವಾಗಿ ಕೊಡಲೇಬೇಕು. ಪಾಸ್‌ವರ್ಡ್ ಇಲ್ಲದ ಅತಿಥಿ ಹಂಚಿಕೆ ಸುಲಭವೆನಿಸಿದರೂ, ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿ ಎಸ್‌ಎಂಬಿ ಸಹಿಯನ್ನು (ಸಂದೇಶ ನಡುದಾರಿಯಲ್ಲಿ ಬದಲಾಗಿಲ್ಲವೆಂದು ಖಾತರಿಪಡಿಸುವ ಗುರುತು) ಕಡ್ಡಾಯ ಮಾಡಿರುವುದರಿಂದ ಅದನ್ನು ನಿರಾಕರಿಸುತ್ತದೆ. ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಪ್ರವೇಶಿಸಲು ಹೋದರೆ ವಿಂಡೋಸ್ 1219 ಸಂಖ್ಯೆಯ ದೋಷ ತೋರಿಸುತ್ತದೆ; ‘ನೆಟ್ ಯೂಸ್’ ಆದೇಶದಿಂದ ಹಳೆಯ ಸಂಪರ್ಕ ಅಳಿಸಿ, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡನ್ನೂ ತೆಗೆದರೆ ಅದು ಹೋಗುತ್ತದೆ. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಸರ್ವರ್ ಕಾಣಿಸುತ್ತಿಲ್ಲವೆಂದು ಗಾಬರಿಯಾಗಬೇಕಿಲ್ಲ. ವಿಳಾಸ ಬರೆಯುವ ಜಾಗದಲ್ಲಿ ನೇರವಾಗಿ ಐಪಿ ವಿಳಾಸ ಬರೆದಾಗ ತೆರೆದುಕೊಂಡರೆ ಹಂಚಿಕೆ ಸರಿಯಿದೆ, ಹೆಸರು ಸಾರುವ ಸೇವೆಯಷ್ಟೇ ಇಲ್ಲ ಎಂದರ್ಥ. ‘ಡಬ್ಲ್ಯುಎಸ್‌ಡಿಡಿ’ ಎಂಬ ಚಿಕ್ಕ ಸೇವೆ ಹಾಕಿದ ಮೇಲೆ ನಮ್ಮ ಸರ್ವರ್ ಪಟ್ಟಿಯಲ್ಲೂ ಬಂತು. ಐಪಿಯಿಂದಲೂ ತೆರೆಯದಿದ್ದಾಗ ಮಾತ್ರ 445ನೇ ಪೋರ್ಟಿಗೆ ಫೈರ್‌ವಾಲ್ ಅಡ್ಡವಿದೆಯೇ ಎಂದು ನೋಡುತ್ತೇನೆ.

ನಮ್ಮ ಲೆಕ್ಕದಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದೇ ಇತ್ತು, ಯುಪಿಎಸ್ ಇತ್ತು, ರೌಟರಿಗೆಂದು ತಂದ ಡಿಸ್ಕೂ ಇತ್ತು. ಹೊಸದಾಗಿ ಬಂದದ್ದು ವಿದ್ಯುತ್ ಬಿಲ್ಲಿನ ಹೆಚ್ಚಳ ಮಾತ್ರ. ಸಿದ್ಧ ನ್ಯಾಸ್ (ನೆಟ್‌ವರ್ಕಿಗೆ ನೇರವಾಗಿ ಜೋಡಿಸುವ ಡಿಸ್ಕ್) ಪೆಟ್ಟಿಗೆ ಕೊಳ್ಳುವಷ್ಟು ಹಣವಿರುವವರು ಅದನ್ನೇ ಕೊಳ್ಳಲಿ, ಅದರೊಳಗೂ ಹೆಚ್ಚಾಗಿ ಇರುವುದು ಸಾಂಬಾವೇ. ಆದರೆ ಯುಎಸ್‌ಬಿ ಕಿಂಡಿಯ ರೌಟರನ್ನು ಈ ಕೆಲಸಕ್ಕೆಂದೇ ಕೊಳ್ಳುವವರು ಎಸ್‌ಎಂಬಿ 2 ಅಥವಾ 3 ಇದೆಯೇ ಎಂದು ಕೇಳಿ, ಅಂಗಡಿಯವರು ‘ಎಲ್ಲ ಸಪೋರ್ಟ್ ಮಾಡುತ್ತೆ ಸಾರ್’ ಎಂದರೆ ಸಾಲದು, ಕೈಪಿಡಿಯಲ್ಲಿ ತೋರಿಸುವಂತೆ ಹೇಳಬೇಕು.