ಫೈಬರ್ ಕೇಬಲ್ಲೋ, ನಿಸ್ತಂತು ಬ್ರಾಡ್‌ಬ್ಯಾಂಡೋ?

ಧಾರವಾಡದ ಬಾಡಿಗೆ ಮನೆಯವರಿಗೂ ಮುಂಡರಗಿಯ ಹೊಲದ ಮನೆಯವರಿಗೂ ಮನೆಗೆ ಯಾವ ಅಂತರ್ಜಾಲ ಸಂಪರ್ಕ ಎಂಬ ಈ ಪ್ರಶ್ನೆಗೆ ಒಂದೇ ಉತ್ತರ ಹೊಂದಲಾರದು.

ವೇಗದ ಸ್ಥಿರತೆಯಲ್ಲಿ ಫೈಬರ್ ಮುಂದಿದೆ. ಹಳೆಯ ದೂರವಾಣಿಯ ತಾಮ್ರದ ತಂತಿಯಲ್ಲಿ, ವಿನಿಮಯ ಕೇಂದ್ರದಿಂದ ದೂರ ಸರಿದಂತೆಲ್ಲ ಡಿಎಸ್‌ಎಲ್ ಎಂಬ ಅಂತರ್ಜಾಲ ಸಂಪರ್ಕದ ವೇಗ ಕುಗ್ಗುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕಾಗಿ ಸಾಗುವ ಸಂಕೇತಕ್ಕೆ ಕೆಲವು ಕಿಲೋಮೀಟರ್ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಫೈಬರ್ ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ಜಿಪಾನ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 5ಜಿಯನ್ನು ನೆಚ್ಚಿದ ನಿಸ್ತಂತು ಸಂಪರ್ಕದಲ್ಲಾದರೋ ಅದೇ ಗೋಪುರದ ಮೊಬೈಲುಗಳೂ ಪಾಲುದಾರರಾಗಿರುವುದರಿಂದ, ಸಂಜೆಯ ದಟ್ಟಣೆಯಲ್ಲಿ ವೇಗ ಇಳಿಯಬಹುದು.

ಬಾಳಿಕೆಯ ಮಾತು ಬೇರೆ. ಫೈಬರ್ ತುಕ್ಕು ಹಿಡಿಯುವುದಿಲ್ಲ, ಆದರೆ ಚರಂಡಿಗೆಂದು ರಸ್ತೆ ಅಗೆದಾಗ ತುಂಡಾಗುತ್ತದೆ. ಹುಬ್ಬಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ನಿಸ್ತಂತುವಿನಲ್ಲಿ ಗೋಪುರದಿಂದ ಮನೆಯವರೆಗೆ ಕೇಬಲ್ಲೇ ಇಲ್ಲದ್ದರಿಂದ ಅಷ್ಟರಮಟ್ಟಿಗೆ ಆ ಭಯವಿಲ್ಲ. ವಿದ್ಯುತ್ ಹೋದರೆ ಎರಡಕ್ಕೂ ಬ್ಯಾಟರಿ ಬೇಕು.

ಮಾಸಿಕ ದರದ ಜೊತೆಗೆ ಅಳವಡಿಕೆಯ ಶುಲ್ಕವನ್ನೂ ವಿಚಾರಿಸಿರಿ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ಓಣಿಗೆ ಕೇಬಲ್ ಬಂದಿದ್ದರೆ, ಫೈಬರ್ ಹಾಕಿಸುವುದು ಲೇಸು. ಮನೆ ಬದಲಿಸುತ್ತಿರುವ ವಿದ್ಯಾರ್ಥಿಗಳಿಗೂ ಕೇಬಲ್ ತಲುಪದ ಹೊಲದ ಮನೆಗಳಿಗೂ ನಿಸ್ತಂತುವೇ ಅನುಕೂಲ. ಹಣ ಕಟ್ಟುವ ಮೊದಲು ಮಾಳಿಗೆಯ ಮೇಲೆ 5ಜಿ ಸಿಗ್ನಲ್ ಪರೀಕ್ಷಿಸಿಕೊಳ್ಳಬೇಕು.