ಪೆಟ್ರೋಲ್ ಸ್ಕೂಟರಾ, ಎಲೆಕ್ಟ್ರಿಕ್ ಸ್ಕೂಟರಾ?

ಬೆಂಗಳೂರಿನಲ್ಲಿ ಹೊಸ ಸ್ಕೂಟರ್ ಕೊಳ್ಳುವವರು ಮೊದಲು ನೋಡುವುದು ಬೆಲೆ. ನಾನು ಮೊದಲು ಕೇಳುವುದು ಬೇರೆ: ರಾತ್ರಿ ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತದೆ?

ನಿಲ್ಲಿಸುವ ಜಾಗದಲ್ಲೇ ಪ್ಲಗ್ ಇದ್ದರೆ ತಕ್ಕಡಿ ಎಲೆಕ್ಟ್ರಿಕ್ ಕಡೆಗೆ ವಾಲುತ್ತದೆ. ಲೆಕ್ಕ ನೋಡಿ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ 100 ಕಿ.ಮೀ. ಓಡಲು 2 ಲೀಟರಿಗಿಂತ ಜಾಸ್ತಿ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ 220 ರೂಪಾಯಿ ಆಯ್ತು. ಅಷ್ಟೇ ದೂರಕ್ಕೆ ಎಲೆಕ್ಟ್ರಿಕ್‌ಗೆ 3ರಿಂದ 4 ಯೂನಿಟ್ ಸಾಕು. ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೆ 30 ರೂಪಾಯಿಯೂ ಆಗುವುದಿಲ್ಲ. ದಿನಾ 40 ಕಿ.ಮೀ. ಓಡಿಸುವವರಿಗೆ ಇದು ಸಣ್ಣ ಉಳಿತಾಯ ಅಲ್ಲ, ಅಲ್ವಾ? ಎಂಜಿನ್ ಆಯಿಲ್ ಬದಲಿಸುವ ಖರ್ಚೂ ಇಲ್ಲ.

ಬಾಡಿಗೆ ಮನೆಯಲ್ಲಿದ್ದು, ಮಾಲೀಕರು ಪ್ಲಗ್ ಪಾಯಿಂಟ್ ಕೊಡಲು ಒಪ್ಪದಿದ್ದರೆ ಕಥೆಯೇ ಬೇರೆ. ಆಗ ಬ್ಯಾಟರಿ ಕಳಚಿ ಒಳಗೆ ಒಯ್ಯಬಹುದಾದ ಮಾಡೆಲ್ ನೋಡಿ. ಇಲ್ಲವೇ ಪೆಟ್ರೋಲೇ ವಾಸಿ. ಆಗಾಗ ಹಾಸನದಂಥ ದೂರದ ಊರಿಗೆ ಸ್ಕೂಟರಿನಲ್ಲೇ ಹೋಗುವವರಿಗೂ ಅದೇ ಮಾತು.

ಎಲೆಕ್ಟ್ರಿಕ್‌ನಲ್ಲಿ ನನ್ನನ್ನು ನಿಜವಾಗಿ ಯೋಚಿಸುವಂತೆ ಮಾಡುವುದು ಬ್ಯಾಟರಿ. ಗಾಡಿಯಲ್ಲಿ ಅತಿ ದುಬಾರಿ ಭಾಗ ಅದೇ. ಶೋರೂಮಿನಲ್ಲಿ ಬಣ್ಣ ಆರಿಸುವ ಮೊದಲು ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಅಂತ ಬರಹದಲ್ಲಿ ಕೇಳಿ ಪಡೆಯಿರಿ.