ಚೈನ್ ಮಾರ್ಕೆಟಿಂಗ್‌ನ ಪೌಷ್ಟಿಕ ಕಿಟ್: ಪುಡಿ ಸಾಧಾರಣ, ಸಲಹೆ ಅಪಾಯಕಾರಿ

ಶೇಕ್ ಪುಡಿ, ಮಲ್ಟಿವಿಟಮಿನ್ ಮಾತ್ರೆ, ನಾರಿನ ಪುಡಿ, ಗಿಡಮೂಲಿಕೆ ಟೀ, ಕೆಲವೊಮ್ಮೆ ಒಮೇಗಾ-3 ಕ್ಯಾಪ್ಸೂಲ್. ಬ್ರ್ಯಾಂಡ್ ಯಾವುದೇ ಇರಲಿ, ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗಳ ಮೊದಲ ಕಿಟ್ಟಿನಲ್ಲಿ ಹೆಚ್ಚುಕಡಿಮೆ ಇರುವುದು ಇಷ್ಟೇ. ಇದರ ಜೊತೆಗೆ ಸದಸ್ಯತ್ವದ ಐಡಿ ಕೊಡುತ್ತಾರೆ, ಏನನ್ನು ಎಷ್ಟು ತಗೋಬೇಕು ಎಂದು ಹೇಳುವ ಒಬ್ಬ ‘ಕೋಚ್’ ಕೂಡ ಸಿಗುತ್ತಾರೆ. ಹಾಗಾಗಿ ಪುಡಿ, ಐಡಿ, ಸಲಹೆ ಮೂರನ್ನೂ ಸೇರಿಸಿ ನೋಡಬೇಕು. ಪುಡಿ ಸಾಧಾರಣ, ಬೆಲೆ ವಿಪರೀತ. ಐಡಿ ಬೇಡ. ಕೋಚ್‌ನ ಸಲಹೆಯಂತೂ ಇಡೀ ಕಿಟ್ಟಿನಲ್ಲೇ ಹೆಚ್ಚು ಅಪಾಯದ್ದು, ಏಕೆಂದರೆ ನೀವು ತೆಗೆದುಕೊಳ್ಳುವ ಪ್ರಮಾಣವನ್ನು ಅಲ್ಲಿ ನಿರ್ಧರಿಸುವುದು ನಿಮ್ಮ ರಕ್ತಪರೀಕ್ಷೆಯ ವರದಿಯಲ್ಲ, ಅವರ ಮಾರಾಟದ ಪಾಯಿಂಟು ಪಟ್ಟಿ.

ಮೊದಲು ಶೇಕ್ ಪುಡಿ. ಡಬ್ಬಿ ತಿರುಗಿಸಿ ಲೇಬಲ್ ಓದಿ. ಉದಾಹರಣೆಗೆ 500 ಗ್ರಾಂ ಡಬ್ಬಿ, 25 ಗ್ರಾಮಿನ 20 ಸ್ಕೂಪ್, ಪ್ರತಿ ಸ್ಕೂಪಿಗೆ 9 ಗ್ರಾಂ ಪ್ರೋಟೀನ್ ಎಂದಿಟ್ಟುಕೊಳ್ಳಿ. ಇಡೀ ಡಬ್ಬಿಯಲ್ಲಿ ಪ್ರೋಟೀನ್ 180 ಗ್ರಾಂ, ಅಂದರೆ ತೂಕದ ಶೇ 36. ಉಳಿದದ್ದು ಸಕ್ಕರೆಯ ರೂಪಗಳು, ನಾರು, ಗಟ್ಟಿಗೊಳಿಸುವ ಅಂಟು, ಪರಿಮಳ. ‘80’ ಎಂದು ಗುರುತಿಸಿ ಮಾರುವ ಸಾದಾ ವೇ ಕಾನ್ಸಂಟ್ರೇಟ್‌ನಲ್ಲಿ (ಹಾಲೊಡಕಿನ ಪ್ರೋಟೀನ್ ಪುಡಿ) ಪ್ರೋಟೀನ್ ಅಂಶ ಸುಮಾರು ಶೇ 80. ಡಬ್ಬಿಯ ಬೆಲೆಯನ್ನು ಒಟ್ಟು ಪ್ರೋಟೀನ್ ಗ್ರಾಮಿನಿಂದ ಭಾಗಿಸಿ. ಹೋಲಿಸಬೇಕಾದದ್ದು ಆ ಒಂದೇ ಸಂಖ್ಯೆಯನ್ನು. ಡಬ್ಬಿಗೆ ಡಬ್ಬಿ ಹೋಲಿಸಿದರೆ ಮೋಸಹೋಗುತ್ತೀರಿ. ‘ಒಂದು ಲೋಟದಲ್ಲಿ 17 ಗ್ರಾಂ ಪ್ರೋಟೀನ್’ ಎಂಬ ಮಾತು ಬಂದರೆ ಅದು ‘ಹಾಲಿನೊಂದಿಗೆ’ ಎಂಬ ಕಾಲಮ್ಮಿನ ಲೆಕ್ಕವೇ ಎಂದು ನೋಡಿ. 250 ಮಿಲಿ ಹಾಲಿನಲ್ಲೇ ಸುಮಾರು 8 ಗ್ರಾಂ ಪ್ರೋಟೀನ್ ಇರುತ್ತದೆ. ಅದು ನಿಮ್ಮ ಮನೆಯ ಹಾಲು, ಅವರ ಪುಡಿಯಲ್ಲ.

ತೂಕ ಇಳಿಯುವುದು ನಿಜ. 600–700 ಕ್ಯಾಲೊರಿಯ ಊಟ ಬಿಟ್ಟು 220 ಕ್ಯಾಲೊರಿಯ ಶೇಕ್ ಕುಡಿದರೆ, ಅದನ್ನೂ ದಿನಕ್ಕೆ ಎರಡು ಸಲ ಮಾಡಿದರೆ, ಯಾರ ತೂಕವಾದರೂ ಇಳಿಯುತ್ತದೆ. ಅಷ್ಟೇ ಕ್ಯಾಲೊರಿಯ ಬೇರೆ ಯಾವ ಊಟಕ್ಕೂ ಇದೇ ಫಲ. ಮೊದಲ ವಾರ ಒಂದೆರಡು ಕಿಲೋ ಕಡಿಮೆಯಾದದ್ದು ಬಹುಪಾಲು ನೀರು: ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್‌ನ ಪ್ರತಿ ಗ್ರಾಮೂ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ, ಗ್ಲೈಕೋಜನ್ ಖರ್ಚಾದಾಗ ನೀರೂ ಹೋಗುತ್ತದೆ. ‘ಮುಂದುವರಿಸಿ’ ಎಂದು ಎರಡನೇ ಕಿಟ್ ಮಾರುವುದು ಸರಿಯಾಗಿ ಈ ವಾರದಲ್ಲಿ. ಕೊಬ್ಬು, ಸ್ನಾಯು, ‘ದೇಹದ ವಯಸ್ಸು’ ತೋರಿಸುವ ತಕ್ಕಡಿಯನ್ನೂ ನಂಬಿ ನಿರ್ಧಾರ ಮಾಡಬೇಡಿ. ಅದು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಎದುರಾದ ತಡೆಯಿಂದ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿದ ಮೇಲೆ, ಬೆವರಿದ ಮೇಲೆ, ಊಟವಾದ ಮೇಲೆ ಅಂಕಿ ಬದಲಾಗುತ್ತದೆ. ‘ದೇಹದ ವಯಸ್ಸು’ ಯಾವ ರೋಗದ ಪರೀಕ್ಷೆಯೂ ಅಲ್ಲ.

ಇನ್ನು ಪಾಯಿಂಟಿನ ವಿಷಯ. ಪ್ರತಿ ಉತ್ಪನ್ನಕ್ಕೂ ಇಷ್ಟು ಪಾಯಿಂಟು ಎಂದು ಕಂಪನಿ ನಿಗದಿ ಮಾಡಿರುತ್ತದೆ. ತಿಂಗಳಿಗೆ ಇಂತಿಷ್ಟು ಪಾಯಿಂಟು ಆಗದಿದ್ದರೆ ಮಾರುವವರು ‘ಆ್ಯಕ್ಟಿವ್’ ಅಲ್ಲ, ಡೌನ್‌ಲೈನ್‌ನಿಂದ (ತಮ್ಮ ಕೆಳಗೆ ಸೇರಿದವರಿಂದ) ಬರಬೇಕಾದ ಕಮಿಷನ್ನೂ ಕೈತಪ್ಪುತ್ತದೆ. ಆದ್ದರಿಂದ ತಿಂಗಳ ಕೊನೆಗೆ ನಿಮ್ಮ ಮೊಣಕಾಲು ನೋವಿಗೆ ಒಂದು ಮಾತ್ರೆ, ನಿದ್ದೆಗೆ ಇನ್ನೊಂದು, ಚರ್ಮಕ್ಕೆ ಮತ್ತೊಂದು ಸೇರಿಕೊಳ್ಳುತ್ತದೆ. ಇಂಥ ಐದು ಉತ್ಪನ್ನಗಳಲ್ಲಿ ಒಂದೇ ವಿಟಮಿನ್ ಮೂರು ನಾಲ್ಕು ಕಡೆ ಇರಬಹುದು, ಯಾವ ಕೋಚೂ ಅದನ್ನು ಕೂಡಿಸಿ ನೋಡುವುದಿಲ್ಲ. ನೀವೇ ಕೂಡಿಸಿ: ಒಂದು ಹಾಳೆಯಲ್ಲಿ ಉತ್ಪನ್ನಗಳನ್ನು ಸಾಲಾಗಿ ಬರೆದು, ದಿನದ ಪ್ರಮಾಣಕ್ಕೆ ಪ್ರತಿ ಅಂಶ ಎಷ್ಟು ಎಂದು ತುಂಬಿ. ಅಮೆರಿಕದ ಪೌಷ್ಟಿಕ ಮಾನದಂಡದಲ್ಲಿ ವಯಸ್ಕರಿಗೆ ದಿನದ ಮೇಲ್ಮಿತಿ ಸಿದ್ಧ ವಿಟಮಿನ್ ಎ (ರೆಟಿನಾಲ್) 3000 ಮೈಕ್ರೋಗ್ರಾಂ, ವಿಟಮಿನ್ ಡಿ 4000 ಐಯು, ಪೂರಕಗಳಿಂದ ಬರುವ ನಿಯಾಸಿನ್ 35 ಮಿಲಿಗ್ರಾಂ, ಕಬ್ಬಿಣ 45 ಮಿಲಿಗ್ರಾಂ. ವಿಟಮಿನ್ ಬಿ6 ಅತಿಯಾಗಿ ದೀರ್ಘಕಾಲ ಹೋದರೆ ಕೈಕಾಲಿನ ನರಗಳಿಗೆ ಪೆಟ್ಟು ಬೀಳುತ್ತದೆ, ಜೋಮು ಹಿಡಿಯುತ್ತದೆ. ತೂಕ ಇಳಿಸುವ ಟೀ ಮತ್ತು ಮಾತ್ರೆಗಳಲ್ಲಿ ಹಸಿರು ಟೀ ಸಾರ ಸಾಮಾನ್ಯ. ಪೂರಕಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಹಸಿರು ಟೀಯ ಮುಖ್ಯ ಸಾರಾಂಶ) ಹೋದಾಗ ಲಿವರ್ ಕಿಣ್ವಗಳು ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿತು.

ಲೇಬಲ್ಲಿನಲ್ಲಿ ‘ಪ್ರೊಪ್ರೈಟರಿ ಬ್ಲೆಂಡ್’ ಎಂದಿದ್ದರೆ ಈ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಹತ್ತು ಗಿಡಮೂಲಿಕೆಗಳ ಒಟ್ಟು ತೂಕ ಮಾತ್ರ ಕೊಟ್ಟು, ಒಂದೊಂದೂ ಎಷ್ಟು ಎಂಬುದನ್ನು ಅದು ಮುಚ್ಚಿಡುತ್ತದೆ. ಆ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಅದರಲ್ಲಿ ಲಾಭ ಎಷ್ಟೋ ಹಾನಿ ಎಷ್ಟೋ ವೈದ್ಯರಿಗೂ ಅಳೆಯಲಾಗದು.

ಔಷಧಿ ತೆಗೆದುಕೊಳ್ಳುವವರಿಗೆ ಇನ್ನೂ ಎಚ್ಚರ ಬೇಕು. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಇರುವ ಪೂರಕಕ್ಕೂ ನಡುವೆ 4 ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ವಿಟಮಿನ್ ಕೆ ಪ್ರಮಾಣ ಏಕಾಏಕಿ ಏರಿದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಕೆಲಸ ಕುಂದುತ್ತದೆ. ಕೂದಲಿಗೆಂದು ಕೊಡುವ ಬಯೋಟಿನ್ ಎಂಬ ವಿಟಮಿನ್ ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆಯಲ್ಲಿ ತಪ್ಪು ಫಲಿತಾಂಶ ತೋರಿಸಬಲ್ಲದು. ಅಮೆರಿಕದ ಔಷಧ ಆಡಳಿತ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಇವನ್ನೆಲ್ಲ ವೈದ್ಯರಿಗೆ ಹೇಳಲೇಬೇಕು.

ಮೈಮೇಲೆ ದದ್ದು, ಭೇದಿ, ತಲೆನೋವು ಬಂದಾಗ ‘ವಿಷ ಹೊರಹೋಗುತ್ತಿದೆ, ನಿಲ್ಲಿಸಬೇಡಿ’ ಎನ್ನುವ ಮಾತು ಈ ವ್ಯವಹಾರದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಬಲ ಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡರೆ ಎಲ್ಲ ಪೂರಕಗಳನ್ನೂ ಆ ಕ್ಷಣವೇ ನಿಲ್ಲಿಸಿ, ಡಬ್ಬಿಗಳ ಸಮೇತ ಆಸ್ಪತ್ರೆಗೆ ಹೋಗಿ. ಬ್ಯಾಚ್ ಸಂಖ್ಯೆ ಇರುವ ಡಬ್ಬಿಯನ್ನು ಎಸೆಯಬೇಡಿ.

ಐಡಿ ಪಡೆದು ಜನರನ್ನು ಸೇರಿಸಿ ಗಳಿಸುವ ಲೆಕ್ಕ ಕಾಗದದ ಮೇಲೇ ಸೋಲುತ್ತದೆ. ಪ್ರತಿಯೊಬ್ಬರೂ 6 ಜನರನ್ನು ಸೇರಿಸಿದರೆ 13ನೇ ಹಂತಕ್ಕೆ 1,306 ಕೋಟಿ ಜನ ಬೇಕು, ಭೂಮಿಯ ಮೇಲೆ ಅಷ್ಟು ಜನರಿಲ್ಲ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇದು: ಸರಪಳಿ ಯಾವ ಹಂತದಲ್ಲೇ ನಿಂತರೂ ಕೊನೆಯ ಹಂತದಲ್ಲಿ ಶೇ 83ರಷ್ಟು, ಕೊನೆಯ ಎರಡು ಹಂತ ಸೇರಿ ಶೇ 97ರಷ್ಟು ಜನ ಇರುತ್ತಾರೆ. ಕೊನೆಯ ಹಂತದವರ ಕೆಳಗೆ ಯಾರೂ ಇಲ್ಲ, ಅವರ ಮೇಲಿನವರ ಕೆಳಗೆ ಆರೇ ಜನ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ‘ನೀನು ಸರಿಯಾಗಿ ದುಡಿಯಲಿಲ್ಲ’ ಎಂದು ಅಪ್‌ಲೈನ್ (ನಿಮ್ಮನ್ನು ಸೇರಿಸಿದ ಮೇಲಿನವರು) ಹೇಳುವುದು ಅನ್ಯಾಯ.

ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2024ರಲ್ಲಿ ಇಂಥ 70 ಕಂಪನಿಗಳ ಆದಾಯ ಪತ್ರಗಳನ್ನು (ಸದಸ್ಯರು ಎಷ್ಟು ಗಳಿಸಿದರೆಂದು ಕಂಪನಿಯೇ ಪ್ರಕಟಿಸುವ ಹೇಳಿಕೆ) ಪರಿಶೀಲಿಸಿದರು. ಹೆಚ್ಚಿನ ಸದಸ್ಯರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ, ಅದರಲ್ಲೂ ಖರ್ಚನ್ನು ಸಾಮಾನ್ಯವಾಗಿ ಕಳೆದಿರಲಿಲ್ಲ. ಆದಾಯ ಪತ್ರ ಕೈಗೆ ಬಂದರೆ ಸರಾಸರಿಯನ್ನು ಬಿಟ್ಟು, ಗಳಿಕೆಯ ಕ್ರಮದಲ್ಲಿ ಸಾಲು ಮಾಡಿದರೆ ನಟ್ಟನಡುವೆ ಬರುವ ಸದಸ್ಯನಿಗೆ ಎಷ್ಟು ಬಂತೆಂದು ಕೇಳಿ. ಒಂದು ರೂಪಾಯಿಯೂ ಸಿಗದವರನ್ನು ಪಟ್ಟಿಯಿಂದ ಬಿಟ್ಟಿದ್ದಾರೆಯೇ ನೋಡಿ.

ಇದೇ ಟ್ರೇಡ್ ಕಮಿಷನ್ 2016ರಲ್ಲಿ ಇಂಥದೇ ಕಂಪನಿಯಾದ ಹರ್ಬಲೈಫ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಕಂಪನಿ 20 ಕೋಟಿ ಡಾಲರ್ ಕೊಡಬೇಕಾಯಿತು. ಸದಸ್ಯರಿಗೆ ಸಿಗುವ ಪ್ರತಿಫಲದಲ್ಲಿ ಕನಿಷ್ಠ ಮೂರನೇ ಎರಡು ಪಾಲು ದಾಖಲೆಯುಳ್ಳ ಚಿಲ್ಲರೆ ಮಾರಾಟದಿಂದಲೇ ಬಂದಿರಬೇಕು ಎಂಬ ಷರತ್ತೂ ಇತ್ತು. ಇನ್ನೊಂದು ಕಂಪನಿ ಅಡ್ವೊಕೇರ್ 2019ರಲ್ಲಿ 15 ಕೋಟಿ ಡಾಲರ್ ಕೊಡಲು ಒಪ್ಪಿ, ಬಹುಹಂತದ ಮಾರಾಟದಿಂದಲೇ ಹೊರಬಿತ್ತು. ಹರ್ಬಲೈಫ್‌ಗೆ ಹಾಕಿದ ಷರತ್ತಿನಿಂದ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ. ಸೇರಲು ಕರೆದವರನ್ನು ಕೇಳಿ: ‘ಐಡಿ ಇಲ್ಲದ ಎಷ್ಟು ಗ್ರಾಹಕರು ಕಳೆದ ತಿಂಗಳು ನಿಮ್ಮಿಂದ ಪೂರ್ತಿ ಬೆಲೆಗೆ ಕೊಂಡರು? ರಸೀದಿ ತೋರಿಸಿ.’ ರಸೀದಿ ಇಲ್ಲದಿದ್ದರೆ ಅವರ ಗಳಿಕೆ ಬಂದಿರುವುದು ಕೆಳಗಿನವರು ಕೊಂಡ ಸ್ಟಾಕಿನಿಂದ.

ಈಗಾಗಲೇ ಸೇರಿದವರು ಹೊರಬರುವಾಗ ಕ್ರಮ ತಪ್ಪಬಾರದು. ಸದಸ್ಯತ್ವವನ್ನು ಮೊದಲೇ ರದ್ದು ಮಾಡಿದರೆ ಲಾಗಿನ್ ಮುಚ್ಚಿಹೋಗಿ ಬಿಲ್ಲುಗಳೂ ಸಿಗದೆ ಹೋಗಬಹುದು. ಮೊದಲು ಎಲ್ಲ ಬಿಲ್ಲು, ಆರ್ಡರ್ ಚರಿತ್ರೆ, ಸೇರುವಾಗಿನ ಒಪ್ಪಂದ ಇಳಿಸಿಕೊಳ್ಳಿ. ಬಳಿಕ ತಿಂಗಳ ಆಟೋ-ಶಿಪ್ (ತಾನಾಗಿಯೇ ಹೋಗುವ ಆರ್ಡರ್) ನಿಲ್ಲಿಸಿ, ಬ್ಯಾಂಕಿನಲ್ಲಿ ಕೊಟ್ಟ ನಿಗದಿತ ಪಾವತಿಯ ಅನುಮತಿಯನ್ನೂ ಹಿಂತೆಗೆದುಕೊಳ್ಳಿ. ತೆರೆಯದ ಡಬ್ಬಿಗಳ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಕಾಣುವಂತೆ ಫೋಟೋ ತೆಗೆಯಿರಿ. ವಾಪಸು ನೀತಿ ಇರುವ ಹಲವು ಕಂಪನಿಗಳು 12 ತಿಂಗಳೊಳಗೆ ಕೊಂಡ, ಮತ್ತೆ ಮಾರಬಹುದಾದ ಸರಕಿಗೆ ಶೇ 90 ಹಣ ಹಿಂತಿರುಗಿಸುತ್ತವೆ. ಸಿಕ್ಕ ಕಮಿಷನ್ ಅದರಲ್ಲಿ ಕಡಿತವಾಗಬಹುದು. ಸೀಲ್ ಒಡೆದಿದ್ದರೆ, ಅವಧಿ ಹತ್ತಿರವಾಗಿದ್ದರೆ ನಿರಾಕರಿಸುತ್ತಾರೆ, ಆದ್ದರಿಂದ ತಡಮಾಡಬೇಡಿ. ಅಪ್‌ಲೈನ್‌ಗೆ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕಂಪನಿಗೇ ಇಮೇಲ್ ಬರೆಯಿರಿ, ವಾಪಸು ಕಳಿಸುವ ಅನುಮತಿ ಸಂಖ್ಯೆ ಬರುವವರೆಗೆ ಒಂದೂ ಡಬ್ಬಿ ಕಳಿಸಬೇಡಿ, ಮುಂದಿನ ಎರಡು ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುತ್ತಿರಿ.